ಬಾಬಿಯ ಮೀನು ಒಣಗುತ್ತಿದ್ದ ಜಾಗ

ನಾನು ಬರೆದುಕೊಟ್ಟ ಮನವಿಯಿಂದ ಬಾಬಿ ಎಂಬ ಹೆಂಗಸು ಮೀನು ಒಣಗಿಸುತ್ತಿದ್ದ ಜಾಗ ಹೋಯಿತು. ಮನವಿ ಒಂದೂವರೆ ಪುಟ ಇತ್ತು. ಕೆಳಗೆ ಹನ್ನೊಂದು ಸಹಿ. ಮೊದಲನೆಯದು ನನ್ನದು.

ಬಾಬಿಯ ಊರು ಕುಂದಾಪುರ ದಾಟಿ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಸಣ್ಣ ಪಟ್ಟಣ. ಕ್ರಿಸ್‌ಮಸ್ ರಜೆಯಲ್ಲಿ ಮೂರು ದಿನ ಅಲ್ಲಿದ್ದೆವು. ನನ್ನನ್ನು ಕರೆದುಕೊಂಡು ಹೋದವಳು ಲಹರಿ. ನಾನು ಕನ್ನಡ ಕಲಿಸುವ ಹೈಸ್ಕೂಲಿನಲ್ಲೇ ಅವಳು ಜೀವಶಾಸ್ತ್ರ ಕಲಿಸುತ್ತಾಳೆ. ಅವಳು, ಅವಳ ಗಂಡ ಪ್ರದ್ಯುಮ್ನ, ಮೈಸೂರಿನ ಉಳ್ಳವರ ಬಡಾವಣೆ ಯಾದವಗಿರಿಯ ಅವರ ಹಕ್ಕಿ ನೋಡುವ ಗೆಳೆಯರು ಎಲ್ಲ ಸೇರಿ ಹತ್ತು ಜನ. ನಾನು ಹನ್ನೊಂದನೆಯವಳು. "ಸುಮಾ ಮೇಡಂ, ಬರೀ ಧಿಕ್ಕಾರ ಕೂಗಿದ್ದು ಸಾಕು, ಒಂದ್ಸಲ ಹಕ್ಕಿ ಕೂಗೋದನ್ನೂ ಕೇಳಿ ಬನ್ನಿ" ಎಂದಿದ್ದಳು. ನಕ್ಕು ಹೊರಟೆ. ನಮ್ಮ ಕೇರಿಯಿಂದ ದುರ್ಬೀನು ಹಿಡಿದು ಹೊರಟ ಮೊದಲನೆಯವಳು ನಾನು ಎಂಬ ಹೆಮ್ಮೆಯೂ ಇತ್ತು. ಸುಳ್ಳು ಯಾಕೆ ಹೇಳಲಿ.

ಅದಕ್ಕೆ ಮೊದಲು ಸಮುದ್ರವನ್ನು ನೋಡಿದ್ದು ಒಂದೇ ಸಲ, ಮಂಗಳೂರಿನ ಸಮಾವೇಶಕ್ಕೆ ಹೋದಾಗ, ಬಸ್ಸಿನ ಕಿಟಕಿಯಿಂದ. ಈ ಸಲ ನೀರು ಇಳಿದ ಹೊತ್ತಿನಲ್ಲಿ ಬರಿಗಾಲಲ್ಲಿ ಬಂಡೆಗಳ ನಡುವೆ ನಡೆದೆ. ಬಂಡೆಯ ಗುಳಿಗಳಲ್ಲಿ ನಿಂತ ನೀರಿನೊಳಗೆ ಹೂವಿನ ಹಾಗೆ ಅರಳಿದ ಜೀವಿಗಳಿದ್ದವು, ಬೆರಳು ತಾಗಿಸಿದರೆ ಮುಷ್ಟಿ ಬಿಗಿದಂತೆ ಮುಚ್ಚಿಕೊಳ್ಳುತ್ತಿದ್ದವು. ಕಡಲೆಕಾಳಿನಷ್ಟು ಸಣ್ಣ ಏಡಿಗಳು ಮರಳನ್ನು ಉಂಡೆ ಕಟ್ಟಿ ಕಟ್ಟಿ ಇಡೀ ದಂಡೆಗೆ ಚಿತ್ತಾರ ಬರೆದಿದ್ದವು. ಹೊಳೆ ಕಡಲನ್ನು ಸೇರುವಲ್ಲಿ, ನೀರಿಂದ ಬೇರು ಹೊರಹಾಕಿ ನಿಂತ ಕಾಂಡ್ಲಾ ಗಿಡಗಳ ಮೇಲೆ, ಬಿಳಿ ಹೊಟ್ಟೆಯ ಕಡಲ ಹದ್ದು ಹಾವಿನಂಥ ಮೀನನ್ನು ಕಾಲಲ್ಲಿ ಹಿಡಿದು ಕೂತಿತ್ತು. ದೂರದೇಶದಿಂದ ಬಂದ ಪುಟ್ಟ ಹಕ್ಕಿಗಳು ಅಲೆ ಬಂದಾಗ ಓಡುತ್ತ, ಅಲೆ ಹೋದಾಗ ಅದರ ಹಿಂದೆ ಓಡುತ್ತ ಇದ್ದವು. ಲಹರಿ ಹೆಸರು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ನಲವತ್ತನಾಲ್ಕು ವರ್ಷದವಳು ಹುಡುಗಿಯ ಹಾಗೆ ಚೀರಿದೆ. ಆ ಸಂತೋಷ ನಿಜ. ಅದನ್ನು ಈಗ ಅಲ್ಲಗಳೆದರೆ ಇನ್ನೊಂದು ಸುಳ್ಳಾಗುತ್ತದೆ.

ನಾವು ಉಳಿದಿದ್ದ ಹೋಂಸ್ಟೇಗೂ ಕಡಲಿಗೂ ನಡುವೆ ಬಾಬಿಯ ತಟ್ಟಿಗಳಿದ್ದವು. ಬಿದಿರಿನ ಅಟ್ಟಣೆ, ಅದರ ಮೇಲೆ ಹಳೆಯ ಬಲೆ, ಬಲೆಯ ಮೇಲೆ ಉಪ್ಪು ಹಾಕಿದ ಮೀನು. ಒಂದು ಕಡೆ ಸಿಗಡಿ ರಾಶಿ. ಐವತ್ತೈದು ದಾಟಿದ ಹೆಂಗಸು, ತಲೆಗೆ ಟವೆಲು ಸುತ್ತಿ ಕೈಯಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿರುತ್ತಿದ್ದಳು. ಎರಡನೆಯ ದಿನ ಉಳಿದವರು ತಿಂಡಿ ತಿನ್ನುವಾಗ ನಾನೊಬ್ಬಳೇ ಅಲ್ಲಿಗೆ ಹೋದೆ. ಅವ್ವನಿಗೆ ಒಣಸಿಗಡಿ ಅಂದರೆ ಪ್ರಾಣ.

"ವಾಸ್ನಿ ಆತಿಲ್ಯಾ ನಿಮ್ಗೆ? ನಿಮ್ಮರೆಲ್ಲ ಮೂಗ್ ಮುಚ್ಕಂಡ್ ಹೋತ್ರ್" ಎಂದು ನಕ್ಕಳು.

"ಇಲ್ಲ ಅಕ್ಕ. ನಮ್ಮನೇಲೂ ಒಣಗಿಸ್ತಿದ್ರು."

ಹೆಸರು ಕೇಳಿದೆ. ಸಿಗಡಿಯನ್ನು ಹಳೆಯ ಪೇಪರಿನಲ್ಲಿ ಕಟ್ಟಿ, ಪೇಪರಿನ ಅಂಚಿಗೆ ಫೋನ್ ನಂಬರ್ ಬರೆದಳು. "ಮುಗ್ದ್ರೆ ಫೋನ್ ಮಾಡಿ, ಬಸ್ಸಿಗ್ ಹಾಕ್ತೆ." ಆ ಕಟ್ಟನ್ನು ನಾಲ್ಕು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ, ಯಾರಿಗೂ ಕಾಣದ ಹಾಗೆ ಬ್ಯಾಗಿನ ತಳದಲ್ಲಿಟ್ಟೆ.

ಮೂರನೆಯ ದಿನ ಬೆಳಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಗಾಳಿ ಕಡಲ ಕಡೆಯಿಂದ ಬೀಸಿತು. ಪ್ರದ್ಯುಮ್ನ ಲೋಟ ಕೆಳಗಿಟ್ಟರು.

"ಛೆ, ಇಷ್ಟು ಒಳ್ಳೆ ಜಾಗ. ಇದೊಂದು ಇಲ್ದಿದ್ರೆ ಸ್ವರ್ಗ ಕಣ್ರೀ."

ಹೋಂಸ್ಟೇ ಯಜಮಾನ ಕಾದಿದ್ದವನಂತೆ ಹೇಳಿದ. "ನಾವು ಊರವರು ಹೇಳಿದ್ರೆ ಜಗಳ ಆಗ್ತದೆ ಸರ್. ಬಂದ ಅತಿಥಿಗಳು ಪಟ್ಟಣ ಪಂಚಾಯ್ತಿಗೆ ಬರೆದುಕೊಟ್ರೆ ಅದರ ತೂಕವೇ ಬೇರೆ."

"ಬರೆಯೋಕೇನು, ನಮ್ಮ ಸುಮಾ ಮೇಡಂ ಇಲ್ವಾ!" ಎಂದಳು ಲಹರಿ. "ಮೈಸೂರಲ್ಲಿ ಯಾವ ಆಫೀಸರ್ ಟೇಬಲ್ ಮೇಲೆ ಇವರ ಅರ್ಜಿ ಇಲ್ಲ ಹೇಳಿ."

ಹತ್ತು ಮುಖ ನನ್ನ ಕಡೆ ತಿರುಗಿದವು.

ನನಗೆ ಏನೂ ಅನ್ನಿಸುತ್ತಿಲ್ಲ, ಈ ವಾಸನೆ ನನಗೆ ಮನೆಯ ವಾಸನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟು ಹೇಳಿದರೆ ಅವರು ಯಾಕೆ ಎಂದು ಕೇಳುವುದಿಲ್ಲ, ತಾವೇ ತಿಳಿದುಕೊಳ್ಳುತ್ತಾರೆ. ನನ್ನ ಜಾತಿ ಅವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಭಾಷಣದಲ್ಲಿ ಗೊತ್ತಿರುವುದು ಬೇರೆ, ಕಾಫಿ ಲೋಟದ ಎದುರು ಗೊತ್ತಾಗುವುದು ಬೇರೆ. ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಲಂಗವನ್ನು ಮೂಸಿ ಬೇರೆ ಬೆಂಚಿಗೆ ಹೋದಳು. ನಮ್ಮ ಮನೆಯ ಸೂರಿನ ಕೆಳಗೆ ಅವ್ವ ದಾರ ಕಟ್ಟಿ, ಬಾಡನ್ನು ಸೀಳಿ, ಪೋಣಿಸಿ ಒಣಹಾಕುತ್ತಿದ್ದಳು. ಕೊರಬಾಡು. ಮಳೆಗಾಲಕ್ಕೆಲ್ಲ ಅದೇ ನಮ್ಮ ಸಾರು. ಅವತ್ತು ಮನೆಗೆ ಬಂದು ಅತ್ತು, ಉಪವಾಸ ಬಿದ್ದು, ಆ ದಾರ ಬಿಚ್ಚಿಸಿದೆ. ಅವ್ವ ಮತ್ತೆ ಕಟ್ಟಲಿಲ್ಲ.

ಪೆನ್ನು ತೆಗೆದುಕೊಂಡೆ.

ಚೆನ್ನಾಗಿ ಬರೆದೆ. ವಾಸನೆ ಎಂಬ ಮಾತು ಒಂದು ಕಡೆಯೂ ಬರದಂತೆ ಬರೆದೆ. ಪರಿಸರ ನೈರ್ಮಲ್ಯ ಎಂದೆ. ವಲಸೆ ಹಕ್ಕಿಗಳ ನೆಲೆಗೆ ಧಕ್ಕೆ ಎಂದು, ಲಹರಿ ಕಲಿಸಿದ ಆರು ಹಕ್ಕಿಗಳ ಹೆಸರು ಸೇರಿಸಿದೆ. ಕೊನೆಯಲ್ಲಿ, "ಸಾರ್ವಜನಿಕ ಸ್ಥಳ ಯಾರೊಬ್ಬರ ಸ್ವತ್ತೂ ಅಲ್ಲ" ಎಂದು ಬರೆದೆ. ಆ ಸಾಲು ನನ್ನದಲ್ಲ. ಅದು ನಮ್ಮ ಓದುಬಳಗದ ಸಣ್ಣಮಾದಯ್ಯನವರದು. ಅವರ ಊರಿನ ಸಮುದಾಯ ಭವನದೊಳಕ್ಕೆ ನಮ್ಮವರನ್ನು ಬಿಡದೆ ಹೋದಾಗ ಅವರು ಬರೆದ ಮನವಿಯ ಸಾಲು. ಬಾಗಿಲು ತೆಗೆಸಲು ಹುಟ್ಟಿದ ಮಾತಿನಿಂದ ನಾನು ಒಬ್ಬಳನ್ನು ಹೊರಗೆ ಹಾಕಿದೆ.

ಮೈಸೂರಿಗೆ ಬಂದು ಸಿಗಡಿ ಕೊಟ್ಟಾಗ ಅವ್ವ ಕಟ್ಟು ಬಿಚ್ಚುವ ಮೊದಲೇ ಕಣ್ಣು ಮುಚ್ಚಿ ಮೂಸಿದಳು. ಬದನೆಕಾಯಿ ಹಾಕಿ ಸಾರು ಮಾಡಿದಳು. ಫೆಬ್ರವರಿಯಲ್ಲಿ ಡಬ್ಬ ಖಾಲಿಯಾಯಿತು.

"ಇನ್ನೊಂಚೂರು ತರಿಸವ್ವ. ಆ ತಾಯಿ ಕೈ ಚೆಂದಾಗದೆ. ಒಂದು ಕಲ್ಲಿಲ್ಲ, ಮಳ್ಳಿಲ್ಲ."

ಶನಿವಾರ ಸಂಜೆ ಪೇಪರಿನ ಅಂಚಿನ ನಂಬರಿಗೆ ಫೋನ್ ಮಾಡಿದೆ.

"ಹೋ, ಮೈಸೂರಿನ ಅಮ್ಮನಾ! ಇಲ್ಲೆ ಅಮ್ಮ, ಈಗ ಒಣ್ಗ್ಸುಕೆ ಜಾಗ ಇಲ್ಲೆ. ಪಂಚಾಯ್ತಿಯರ್ ಬಂದ್ ತಟ್ಟಿ ಎಲ್ಲ ಎತ್ಕಂಡ್ ಹೋದ್ರ್. ಅಲ್ಲ್ ಟೂರಿಸ್ಟಿನರಿಗೆ ಕಲ್ಲ್ ಬೆಂಚ್ ಹಾಕಿರ್. ನಾನೀಗ ಐಸ್ ಪ್ಲಾಂಟಿಗೆ ಸಿಗಡಿ ಸುಲುಕೆ ಹೋತೆ. ಕೈಯೆಲ್ಲ ಮರಗಟ್ಟತ್ತ್."

"ಯಾಕೆ ಹಿಂಗಾಯ್ತು?" ಎಂದೆ, ಗೊತ್ತಿದ್ದೂ.

"ಯಾರೋ ಬರ್ದ್ ಕೊಟ್ರಂಬ್ರ್. ಮೈಸೂರಿನ ಟೀಚರ್ ಅಂಬ್ರ್. ಭಾರೀ ಲಾಯ್ಕ್ ಬರ್ದಿರ್ ಅಂಬ್ರ್. ನಂಗ್ ಯಾರೂ ಓದಿ ಹೇಳ್ಲಿಲ್ಲೆ." ಆಮೇಲೆ ಕೇಳಿದಳು, "ನಿಮ್ಗ್ ಗೊತ್ತಿತ್ತಾ ಅವ್ರ್?"

"ಇಲ್ಲ" ಎಂದೆ.

ಮಾರನೆಯ ದಿನ ಭಾನುವಾರ. ನಜರ್‌ಬಾದಿನಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಓದುಬಳಗ ಸೇರುತ್ತದೆ. ಇಪ್ಪತ್ತು ವರ್ಷದಿಂದ ಸೇರುತ್ತಿದೆ. ನಡೆಸುವವರು ಸಣ್ಣಮಾದಯ್ಯ, ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ನನಗೆ ಬರವಣಿಗೆ ಕಲಿಸಿದವರು. ಅಲ್ಲಿ ಒಂದೇ ಒಂದು ಕಟ್ಟಳೆ. ಯಾರ ಅನ್ನದ ವಿಷಯ ಬರೆದಿದ್ದೀಯೋ ಅವರ ಮುಂದೆ ಮೊದಲು ಓದು. ಓದಲು ಬಾಯಿ ಬರದಿದ್ದರೆ ಹರಿದುಹಾಕು. ನಾವು ಬರೆದ ಒಂದೊಂದು ಮನವಿಯನ್ನೂ ಪೌರಕಾರ್ಮಿಕರ ಮುಂದೆ, ಬೀಡಿ ಕಟ್ಟುವವರ ಮುಂದೆ ಓದಿ, ಅವರು ಹೂಂ ಎಂದಮೇಲೇ ಆಫೀಸಿಗೆ ಕೊಟ್ಟಿದ್ದೇವೆ. ಕಡಲ ದಂಡೆಯಲ್ಲಿ ನಾನು ಓದಿದ್ದು ಕಾಫಿ ಕುಡಿಯುತ್ತಿದ್ದ ಹತ್ತು ಜನರ ಮುಂದೆ. ಅವರು ಚಪ್ಪಾಳೆ ತಟ್ಟಿದ್ದರು.

ಅವ್ವ ಬಳಗದ ಹಳೆಯ ಕೇಳುಗರಲ್ಲಿ ಒಬ್ಬಳು. ಅಕ್ಷರ ಬರುವುದಿಲ್ಲ, ಗೋಡೆಗೆ ಒರಗಿ ಕೂತು ಎಲೆಅಡಿಕೆ ಹಾಕುತ್ತ ಕೇಳುತ್ತಾಳೆ. ಅವತ್ತೂ ಬಂದಿದ್ದಳು. ನಾನು ಎದ್ದು ನಿಂತು ನಡೆದದ್ದನ್ನು ಹೇಳಿದೆ. ಫೋನಿನಲ್ಲಿ ಇಲ್ಲ ಎಂದದ್ದನ್ನೂ ಹೇಳಿದೆ. ಆಮೇಲೆ ಮೊಬೈಲಿನಲ್ಲಿದ್ದ ಮನವಿಯ ಫೋಟೋ ನೋಡಿ ಓದತೊಡಗಿದೆ.

"ನೈರ್ಮಲ್ಯ ಅಂದ್ರೆ ಏನವ್ವ?" ಅವ್ವ ನಡುವೆ ಕೇಳಿದಳು.

"ಚೊಕ್ಕಟ ಅಂತ."

"ಅಂಗಾದ್ರೆ ಆಯಮ್ಮನ ಮೀನು ಕೊಳಕು ಅಂತ ಬರೆದಿದ್ದೀಯ. ನಾನು ಉಂಡ್ನಲ್ಲ ಅದ್ನ."

ನಾನು ಮೊಬೈಲ್ ಕೆಳಗಿಳಿಸಿದೆ.

"ಆ ದಾರನೂ ನೀನೇ ಬಿಚ್ಚಿಸ್ದೆ" ಎಂದಳು ಅವ್ವ, ಎಲೆಗೆ ಸುಣ್ಣ ಸವರುತ್ತ. "ಅವಾಗ ಚಿಕ್ಕ ಕೂಸು ಅಂತ ಸುಮ್ನಾದೆ."

ಆಟೋ ಓಡಿಸುವ ವಸಂತ್ ಬಿಡಲಿಲ್ಲ. "ಬುಡವ್ವ, ಅಕ್ಕ ಈಗ ಯಾದವಗಿರಿ ಮೂಗು ಹಾಕಿಸ್ಕೊಂಡವ್ರೆ. ನಮ್ಮ ಕೇರಿಗೆ ಬಂದ್ರೆ ಅದಕ್ಕೆ ನೆಗಡಿಯಾಯ್ತದೆ."

ಯಾರೋ ನಕ್ಕರು. ನಗುವುದು ಅವರ ಹಕ್ಕು. ಸಣ್ಣಮಾದಯ್ಯ ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು.

"ನನ್ನ ಸಾಲು ಬಳಸಿದ್ದೀಯಲ್ಲವ್ವ."

"ಹೌದು ಸರ್."

"ಕಟ್ಟಳೆ ಗೊತ್ತಲ್ಲ. ಆ ತಾಯಿಗೆ ಫೋನ್ ಹಚ್ಚು. ಎಲ್ಲರಿಗೂ ಕೇಳೋ ಹಂಗೆ ಇಡು. ಓದು."

ಬೇಡ ಎನ್ನಬೇಕೆನಿಸಿತು. ಕೋಣೆಯಲ್ಲಿ ಹದಿನೈದು ಜನ ಇದ್ದರು. ನನ್ನ ಭಾಷಣ ಕೇಳಿ ಬೆಳೆದವರು ಅವರಲ್ಲಿ ಆರು ಮಂದಿ. ಫೋನನ್ನು ನೆಲದ ಮೇಲಿಟ್ಟೆ.

"ಚಟ್ಲಿ ಇಲ್ಲೆ ಅಂದೆನಲೆ ಅಮ್ಮ" ಎಂದಳು ಬಾಬಿ. ಆ ಕಡೆ ಪಾತ್ರೆ ತೊಳೆಯುವ ಸದ್ದು.

"ಸಿಗಡಿಗಲ್ಲ ಅಕ್ಕ. ಆ ಮೈಸೂರಿನ ಟೀಚರ್ ನಾನೇ. ನಿನ್ನೆ ಸುಳ್ಳು ಹೇಳಿದೆ. ಬರೆದದ್ದನ್ನ ಓದ್ತೀನಿ, ಕೇಳಿ."

ಪಾತ್ರೆಯ ಸದ್ದು ನಿಂತಿತು. ಓದಿದೆ. ಒಂದೂವರೆ ಪುಟ ಎಷ್ಟು ಉದ್ದ ಎಂದು ಅವತ್ತು ತಿಳಿಯಿತು. ಕೇಳುವವಳಿಗೆ ಅರ್ಥವಾಗಬಾರದೆಂದೇ ಆರಿಸಿದ ಮಾತುಗಳು ಒಂದೊಂದೂ ನನ್ನ ಬಾಯಲ್ಲೇ ಕಲ್ಲಾದವು.

"ಮುಗೀತಾ?" ಎಂದಳು ಬಾಬಿ.

"ಮುಗೀತು."

"ಹಕ್ಕಿ ಹೆಸ್ರೆಲ್ಲ ಇತ್ತ್. ನನ್ನ್ ಹೆಸ್ರ್ ಇಲ್ಲೆ."

"ಇಲ್ಲ ಅಕ್ಕ."

"ಚಟ್ಲಿ ತಕಂಬು ಹೊತ್ತಿಗೆ ಹೆಸ್ರ್ ಕೇಂಡಿದ್ರಿ ನೀವ್."

ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಬೈಯಲಿಲ್ಲ.

ಸಣ್ಣಮಾದಯ್ಯ ಫೋನಿನ ಹತ್ತಿರ ಬಗ್ಗಿದರು. "ತಾಯಿ, ನಾನು ಸಣ್ಣಮಾದಯ್ಯ ಅಂತ. ಇವಳಿಗೆ ಬರೆಯೋಕೆ ಕಲಿಸ್ದೋನು. ತಪ್ಪು ನಮ್ದು ಕಣಮ್ಮ. ಇವತ್ತೇ ಇನ್ನೊಂದು ಮನವಿ ಬರಿತೀವಿ, ಆ ಜಾಗ ನಿಮಗೆ ವಾಪಸ್ ಕೊಡಬೇಕು ಅಂತ. ಸುಮಾ ಕೈಲೇ ಬರೆಸ್ತೀನಿ, ನಿಮ್ಮ ಮುಂದೆ ಓದಿಸ್ತೀನಿ. ಕಳಿಸಿಕೊಡ್ತೀವಿ, ನೀವು ಒಂದು ಸಹಿ ಹಾಕ್‌ಬುಡಿ. ಹೆಬ್ಬೆಟ್ಟಾದ್ರೂ ಸರಿಯೇ."

"ನಂಗೆ ಬರುಕೆ ಬತ್ತ್ ಅಯ್ಯಾ. ಆರನೇ ಕ್ಲಾಸ್ ಓದಿದ್ದೆ."

ಸಣ್ಣಮಾದಯ್ಯನವರ ಮುಖ ಬಾಡಿತು. ಇಪ್ಪತ್ತು ವರ್ಷದಲ್ಲಿ ಅವರು ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ನನ್ನ ದೆಸೆಯಿಂದ ಅದನ್ನೂ ಕಂಡೆ.

"ತಪ್ಪಾಯ್ತು ತಾಯಿ. ಹಂಗಾದ್ರೆ ಸಹಿನೇ ಹಾಕಿ."

"ಹಾಕ್ತಿಲ್ಲೆ."

"ಯಾಕಮ್ಮ? ನಿಮ್ಮ ಒಳ್ಳೇದಕ್ಕೇ ಅಲ್ವಾ?"

"ಇವ್ರೂ ನಮ್ಮೂರಿನ್ ಒಳ್ಳೇದಕ್ಕೇ ಬರ್ದದ್ದಲ್ದಾ?" ಎಂದಳು ಬಾಬಿ. ಅವಳ ದನಿ ಏರಲಿಲ್ಲ. "ಅಲ್ಲ್ ನನ್ನ್ ಅತ್ತೆ ಒಣ್ಗ್ಸಿದ್ದ್. ಅವ್ಳ್ ಅತ್ತೆ ಒಣ್ಗ್ಸಿದ್ದ್. ಈಗ ನಾನ್ ಹೋಯಿ ಕೊಡಿ ಅಂತ ಸಹಿ ಹಾಕಿದ್ರೆ, ಆ ಜಾಗ ಪಂಚಾಯ್ತಿಯರದ್ದೇ ಅಂತ ನಾನೇ ಬರ್ದ್ ಕೊಟ್ಟಾಂಗ್ ಆತ್ತಿಲ್ಯಾ? ನಾಳೆ ಬೆಳಿಗ್ಗೆ ಮೀನ್ ತಕಂಡ್ ಹೋತೆ. ತಟ್ಟಿ ಇಲ್ದಿದ್ರೆ ಆ ಕಲ್ಲ್ ಬೆಂಚಿನ್ ಮೇಲೇ ಹರ್ಗಿ ಒಣ್ಗ್ಸ್ತೆ."

ಗೋಡೆಗೆ ಒರಗಿದ್ದ ಅವ್ವ ನೆಟ್ಟಗೆ ಕೂತಳು.

"ಹಂಗೆ ಮಾಡಬ್ಯಾಡಿ ತಾಯಿ" ಎಂದರು ಸಣ್ಣಮಾದಯ್ಯ. "ಪೊಲೀಸು, ಕೇಸು ಅಂತ ಆಯ್ತದೆ. ಕಾನೂನು ಪ್ರಕಾರ ಹೋಗಾಣ. ಮೊದಲು ಸಹಿ ಮಾಡಿ, ಆಮೇಲೆ ಎಲ್ಲರೂ ಬಂದು ನಿಮ್ಮ ಜೊತೆ ನಿಂತ್ಕೋತೀವಿ. ನನ್ನ ಮಾತು ಕೇಳಿ, ಒಂದೇ ಒಂದು ಸಹಿ."

"ಬರುದಿದ್ರೆ ಬನ್ನಿ. ಕಾಗೆ ಓಡ್ಸುಕೆ ಜನ ಬೇಕ್. ಸಹಿ ಹಾಕ್ತಿಲ್ಲೆ" ಎಂದಳು ಬಾಬಿ.