ಬೋರ್ಡಿಗೆ ಬೆನ್ನು ಕೊಟ್ಟು

ವಿಮಲಮ್ಮ ನೋಟಿಸ್ ಬೋರ್ಡಿಗೆ ಬೆನ್ನು ಒತ್ತಿ ನಿಂತರು. ಬೆನ್ನ ಹಿಂದೆ ಮಗಳು ಚೈತ್ರಳ ಫೋಟೋ, ಪಕ್ಕದಲ್ಲಿ ಬಸವಕಿರಣ್ ಎಂಬ ಹುಡುಗನದು. ಕೆಳಗೆ ಇಬ್ಬರ ವಿಳಾಸ, ತಂದೆಯರ ಹೆಸರು. ಈ ಮದುವೆಗೆ ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ತಿಳಿಸಬೇಕಂತೆ. ಆಕ್ಷೇಪಣೆ ಮಾಡುವ ಮನುಷ್ಯ, ಗಂಡ ಬೈರಪ್ಪ, ಎದುರು ಬೆಂಚಿನಲ್ಲೇ ಟೋಕನ್ ಹಿಡಿದು ಕೂತಿದ್ದರು.

ಬ್ಯಾಡರಹಳ್ಳಿಯ ಅಪ್ಪ ಅತ್ತಿಗುಪ್ಪೆ ಕಡೆಯ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಯಾಕೆ ಬರುತ್ತಾನೆ ಎಂದು ಮಗಳು ಧೈರ್ಯ ಮಾಡಿದ್ದಳೇನೋ. ಆದರೆ ಕೊಳ್ಳುವ ಸೈಟನ್ನು ಈಗ ಯಾವ ಆಫೀಸಿನಲ್ಲಾದರೂ ನೋಂದಣಿ ಮಾಡಿಸಬಹುದು. ಇಲ್ಲಿ ರಶ್ ಕಮ್ಮಿ ಎಂದು ಬ್ರೋಕರ್ ಇಲ್ಲಿಗೇ ಕರೆತಂದಿದ್ದ.

ಭಾವನ ಮಗಳು ಸ್ಪಂದನ ಹೀಗೇ ಮಾಡಹೊರಟಾಗ ಬೈರಪ್ಪ ಜನ ಕಟ್ಟಿಕೊಂಡು ಹೋಗಿ ಅವಳನ್ನು ಕಾರಿನಲ್ಲಿ ಎಳೆದುತಂದಿದ್ದರು. ತಿಂಗಳೊಳಗೆ ಬೇರೆಯವನ ಜೊತೆ ಧಾರೆ. ಅವತ್ತು ಆ ಹುಡುಗಿಗೆ ಸೀರೆ ಉಡಿಸಿದವರು ವಿಮಲಮ್ಮನೇ. ಅವಳ ಕೈ ತಣ್ಣಗಿತ್ತು.

ಮಗಳ ಮೇಲೆ ಕೋಪ ಉಕ್ಕಿತು. ಹೆತ್ತವಳಿಗೆ ಒಂದು ಮಾತು ಹೇಳದವಳು ಊರಿಗೆಲ್ಲ ಕಾಣುವ ಹಾಗೆ ಗೋಡೆ ಹತ್ತಿ ಕೂತಿದ್ದಾಳೆ! ಸರ್ಕಾರಕ್ಕಾದರೂ ಬುದ್ಧಿ ಬೇಡವೇ, ಹೆಣ್ಣುಮಗಳ ಪಿ.ಜಿ. ವಿಳಾಸವನ್ನು ಹೀಗೆ ತೂಗುಹಾಕುವುದಕ್ಕೆ? ಹರಿಯೋಣವೆಂದರೆ ಗಾಜಿಗೆ ಬೀಗ.

ಬೈರಪ್ಪನಿಗೆ ಗೋಡೆ ಮೇಲಿದ್ದದ್ದನ್ನೆಲ್ಲ ಜೋರಾಗಿ ಓದುವ ಚಟ. ಲಂಚ ಕೊಡಬೇಡಿ ಎಂಬ ಫಲಕ ಓದಿ ನಕ್ಕು, ಈ ಕಡೆ ಬಂದರು.

"ಸರ್ಕೊಳೇ, ಅದೇನೈತೆ ನೋಡಾನ."

"ಎಂಥದೋ ಹರಾಜಿಂದು ಕಣ್ರೀ. ತಲೆ ಸುತ್ತುತೈತೆ, ನೀರು ತಗೊಂಬನ್ನಿ."

"ತಿಂಡಿ ತಿನ್ನದೆ ಬಂದ್ರೆ ಇನ್ನೇನಾಯ್ತದೆ?" ಗೊಣಗುತ್ತ ಬಾಟಲಿ ತಂದರು.

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. "ವಿಮಲಮ್ಮ ಯಾರು? ಫೋಟೋಗೆ ಬನ್ನಿ!"

ಸೈಟು ಅವರ ಹೆಸರಿಗೇ ಆಗಬೇಕಿತ್ತು. ಹೋಗದೆ ವಿಧಿಯಿಲ್ಲ. ಬೈರಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ವಿಮಲಮ್ಮ ಗಂಡನ ಕೈ ಹಿಡಿದರು. ನಾಲ್ಕು ಜನರೆದುರು ಹಾಗೆ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಇವತ್ತೇ.

"ನೀವೂ ಬನ್ನಿ. ನಂಗೆ ಭಯ ಆಯ್ತೈತೆ."

ಅದು ಸುಳ್ಳಲ್ಲ. ಬೈರಪ್ಪ ಸುತ್ತ ನೋಡಿ ನಾಚಿದರು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಹೊರಗೆ ಬರುವಾಗಲೂ ವಿಮಲಮ್ಮ ಬೋರ್ಡಿನ ಮಗ್ಗುಲಿಗೆ ತಾವೇ ನಡೆದರು.

ಬೈರಪ್ಪ ಕಾರು ತರಲು ಹೋದಾಗ ವಿಮಲಮ್ಮ ಗೇಟಿನ ಬಳಿ ನಿಂತು ಮಗಳಿಗೆ ಫೋನ್ ಮಾಡಿದರು.

"ರಿಜಿಸ್ಟ್ರಾರ್ ಆಫೀಸಿನ ಬೋರ್ಡ್ ನೋಡ್ದೆ."

"ಅಮ್ಮಾ... ಅಪ್ಪ?"

"ನೋಡಿಲ್ಲ. ಇವತ್ತು ನೋಡಿಲ್ಲ, ಅಷ್ಟೆ. ಈಗ್ಲೇ ರೂಮ್ ಖಾಲಿ ಮಾಡು, ಬೇರೆ ಕಡೆ ಹೋಗು."

"ಎಲ್ಲಿಗೆ ಅಂತ ಮೆಸೇಜ್ ಮಾಡ್ತೀನಮ್ಮ."

ಕಾರು ತಿರುವಿನಲ್ಲಿ ಕಾಣಿಸಿತು.

"ಬೇಡ. ನಂಗೂ ಹೇಳ್ಬೇಡ ಕಣೇ."

ಕಾರು ಬಂದು ನಿಂತಿತು. ಬೈರಪ್ಪ ಕೂತಲ್ಲಿಂದಲೇ ಬಾಗಿ ಹೆಂಡತಿಗೆ ಬಾಗಿಲು ತೆರೆದರು.