ಕುದಿನೀರಿನಲ್ಲಿ ಬಾಟಲಿ

ಹಸಿರು, ಬಾಳೆಯ ಸುಳಿಯಂಥ ಎಳೆ ಹಸಿರು, ಲ್ಯಾಬಿನ ಕಿಟಕಿಯ ಬೆಳಕಿಗೆ ಹಿಡಿದರೆ ಟ್ಯೂಬಿನೊಳಗೆ ಒಂದು ಚುಕ್ಕೆಯೂ ಇಲ್ಲ, ಕಫ ಹಚ್ಚಿ ಎಂಟು ವಾರ ಬೆಚ್ಚಗಿಟ್ಟರೂ ಏನೂ ಬೆಳೆದಿಲ್ಲ, ಪಕ್ಕದ ಟ್ಯೂಬಿನಲ್ಲಿ, ಯಾರದೋ, ಕ್ಷಯದ ರೋಗಾಣು ರವೆ ಚೆಲ್ಲಿದ ಹಾಗೆ ಬೆಳೆದು ಕೂತಿದೆ, ತಮ್ಮ ವಿಷ್ಣುವಿನದು ಮಾತ್ರ ನುಣ್ಣಗೆ — ನಿನ್ನೆ ಇದನ್ನೇ ನೋಡಿ ಕಣ್ಣಲ್ಲಿ ನೀರು ಬಂದಿತ್ತು, ಡಾಕ್ಟರ್ ತಿರುಮಲ ಬೆನ್ನ ಹಿಂದೆ ನಿಂತು, ನೋಡಿದೆಯೇನಮ್ಮಾ ಜಲಜಾಕ್ಷಿ, ನಿನ್ನ ತಮ್ಮನ ಕಫದಲ್ಲಿ ಮೈಕ್ರೋಸ್ಕೋಪಿಗೆ ಕೆಂಪು ಕಡ್ಡಿಗಳು ಕಂಡವು, ಆದರೆ ಬೆಳೆಯಲಿಲ್ಲ, ಅಂದರೆ ಎಲ್ಲ ಹೆಣ, ಹೊಸ ಮಾತ್ರೆ ಕೊಂದು ಹಾಕಿದೆ, ಸ್ಯಾನಟೋರಿಯಂ ಇಲ್ಲ, ಮನೆಯಲ್ಲೇ ಕೂತು ಗುಣ, ವರ್ಷವೂ ತುಂಬಿತು, ಸೋಮವಾರದಿಂದ ಮಾತ್ರೆ ನಿಲ್ಲಿಸೋಣ, ಎಂದರು. ಅಪ್ಪನ ಕಾಲಕ್ಕೆ ಈ ಮಾತ್ರೆ ಇರಲಿಲ್ಲ, ಅಪ್ಪ ಸ್ಯಾನಟೋರಿಯಂನ ವರಾಂಡದಲ್ಲಿ ಎರಡು ವರ್ಷ ಮಲಗಿದ್ದು ಅಲ್ಲೇ ಹೋದರು, ಅದಕ್ಕೇ ಬಸ್ಸಿನಲ್ಲಿ ಪುರಸೈವಾಕ್ಕಂನ ಮನೆಯವರೆಗೂ ಹಾಗೇ ನಗುತ್ತಾ ಹೋದೆ, ಅದಕ್ಕೇ ಬಾಗಿಲಲ್ಲೇ ಹೇಳಿಬಿಟ್ಟೆ, ತಾಳಬಾರದಿತ್ತೇ, ವಿಷ್ಣು ಕಿಟಕಿಯ ಮೇಲೆ ವರ್ಷವಿಡೀ ಬೇರೆ ಇಟ್ಟಿದ್ದ ತನ್ನ ಲೋಟ ತಂದು ಎಲ್ಲರ ಲೋಟದ ಜೊತೆ ಬೋರಲು ಹಾಕಿದ, ಅಕ್ಕಾ, ಇನ್ನು ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತರೆ ಗಿರಾಕಿ ಓಡಿಹೋಗುವುದಿಲ್ಲವಲ್ಲ, ಎಂದ.

ಇವತ್ತು ಬೆಳಿಗ್ಗೆ ಅಮ್ಮ ನನ್ನ ಊಟದ ಡಬ್ಬಿ ಕಟ್ಟುತ್ತಾ, ಬೆಳೆಯುವುದಾದರೂ ಹೇಗೆ, ನಾನು ಆ ಬಾಟಲಿಯನ್ನು ಹಾಗೇ ಕೊಟ್ಟೆನಾ, ಎಂದರು. ಯಾವ ಬಾಟಲಿ ಅಮ್ಮ. ಅದೇ, ಅವನು ಕಫ ಉಗಿದು ಕೊಟ್ಟದ್ದು, ಎಂಜಲಲ್ವಾ ಮಾರಾಯ್ತಿ, ನಿನ್ನ ಮೊಸರನ್ನದ ಪಕ್ಕ ಹಾಗೇ ಇಡುವುದಾ, ಬಿರಟೆ ಗಟ್ಟಿ ಮಾಡಿ ಕುದಿಯುವ ನೀರಿಗೆ ಬಿಟ್ಟಿದ್ದೆ, ನಿನ್ನ ಸ್ನಾನ ಮುಗಿಯುವವರೆಗೆ, ಟಕ್ ಟಕ್ ಅಂತ ಪಾತ್ರೆಗೆ ಬಡಿಯುತ್ತಾ ಇತ್ತು ನೋಡು, ಒಡೆದೇ ಹೋಗುತ್ತದೋ ಅಂತ ನಾನು ಅಲ್ಲೇ ನಿಂತಿದ್ದೆ. ಅಮ್ಮನ ಮುಖದಲ್ಲಿ ಎಂಥ ಹೆಮ್ಮೆ. ನಾನು ಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟಿ ಬಂದೆ — ಕೋಪ ಬಂದಿತ್ತು, ಯಾರ ಮೇಲೆ, ಊರಿನ ರೋಗಿಗಳಿಗೆಲ್ಲ ಬಾಟಲಿ ಬಿಸಿಲಿಗಿಡಬೇಡಿ ತೊಳೆಯಬೇಡಿ ಎಂದು ಕನ್ನಡ ತಮಿಳು ತೆಲುಗಿನಲ್ಲಿ ಗಿಣಿಯ ಹಾಗೆ ಹೇಳುವವಳು ನಾನು, ನಮ್ಮ ಅಡಿಗೆಮನೆಯಲ್ಲಿ ಮಾತ್ರ ಹೇಳಲಿಲ್ಲ, ಹೇಳಿದರೆ ಅಮ್ಮ ಇನ್ನೂ ಕೇಳುತ್ತಾರೆ, ಅದು ಯಾತರ ಮೇಲೆ ಬೆಳೆಯುವುದು ಎಂದು, ಕೋಳಿಮೊಟ್ಟೆ ಎನ್ನಬೇಕಾಗುತ್ತದೆ, ಈ ಹಸಿರು ಎಂದರೆ ಮೊಟ್ಟೆಗೆ ಬಣ್ಣ ಕಲಸಿ ಹೆಪ್ಪುಗಟ್ಟಿಸಿದ್ದು, ಒಡೆಯುವವಳು ನಾನು, ಮೂರು ವರ್ಷದಿಂದ ಸಂಜೆ ಸೀದಾ ಬಚ್ಚಲಿಗೆ ಹೋಗುವುದು ರೋಗಾಣುವಿಗೆ ಹೆದರಿ ಎಂದು ಅಮ್ಮ ತಿಳಿದಿದ್ದಾರೆ. ನಾನು ಮೊಟ್ಟೆ ಮುಚ್ಚಿಟ್ಟೆ, ಅಮ್ಮ ಎಂಜಲು ತೊಳೆದರು.

ಬಸ್ಸಿನಲ್ಲಿ ಅಂದುಕೊಂಡೆ, ಇರಲಿ, ಮಾತ್ರೆಯೇ ಕೊಂದಿರಬಹುದು, ಆಗಬಾರದೆಂದೇನು, ಎಷ್ಟು ಜನರಿಗೆ ಆಗಿದೆ, ಇವನಿಗೂ — ಆದರೆ ಟ್ಯೂಬು ಅದನ್ನು ಹೇಳುವುದಿಲ್ಲ, ಸತ್ತದ್ದು ಮಾತ್ರೆಗೋ ಕುದಿನೀರಿಗೋ, ಈ ಹಸಿರಿಗೆ ಗೊತ್ತಿಲ್ಲ. ಹೇಳಿದರೆ ಇನ್ನೊಂದು ಬಾಟಲಿ, ಇನ್ನೂ ಎಂಟು ವಾರ, ಲೋಟ ಮತ್ತೆ ಕಿಟಕಿಗೆ, ತಮ್ಮನ ಮುಖ ನೋಡುವವರು ಯಾರು. ಹೇಳದಿದ್ದರೆ ಸೋಮವಾರ ಮಾತ್ರೆ ನಿಲ್ಲುತ್ತದೆ, ಆಮೇಲೆ ಕೆಮ್ಮು ಯಾವಾಗ ಶುರುವಾಗುತ್ತದೋ, ಯಾರ ಲೋಟದಿಂದ ಯಾರಿಗೋ. ಲ್ಯಾಬಿನ ರಿಜಿಸ್ಟರಿನಲ್ಲಿ ನಿನ್ನೆಯ ಅಕ್ಷರ ನನ್ನದೇ, ಬೆಳವಣಿಗೆ ಇಲ್ಲ, ಎಷ್ಟು ದುಂಡಗೆ ಬರೆದಿದ್ದೇನೆ, ಅದರ ಮೇಲೆ ಗೆರೆ ಎಳೆದೆ, ಶಾಯಿ ಹರಡಿತು. ಬಾಗಿಲಲ್ಲಿ ಡಾಕ್ಟರ್ ತಿರುಮಲ, ಜಲಜಾಕ್ಷಿ, ಆ ಟ್ಯೂಬು ತಾರಮ್ಮಾ, ಮನೆಯಲ್ಲೇ ಗುಣವಾದದ್ದಕ್ಕೆ ಸಾಕ್ಷಿ ಅದು, ಫೋಟೋ ತೆಗೆಯುವವರು ಬಂದರು — ಬಂದೆ ಸಾರ್, ಎದ್ದೆ, ಬಾಗಿಲವರೆಗೆ ಹತ್ತು ಹೆಜ್ಜೆ, ಹೇಳುವುದು ಒಂದೇ ಮಾತು, ಸಾರ್ ಇದು ಬೇಡ, ನಮ್ಮ ಅಮ್ಮ, ನಮ್ಮ ಮನೆಯಲ್ಲಿ, ಕೈಯಲ್ಲಿ ಟ್ಯೂಬು ಹೊರಳಿ ಉಂಗುರಕ್ಕೆ ತಾಗುತ್ತದೆ, ಟಕ್, ಒಲೆಯ ಮುಂದೆ ಅಮ್ಮ ನಿಂತಿದ್ದಾರೆ, ನೀರು ಮರಳುತ್ತಿದೆ, ಬಾಟಲಿ ಮುಳುಗುತ್ತದೆ, ಏಳುತ್ತದೆ, ಟಕ್, ಟಕ್.