ಮೇಣವೂ ನಗೆಗಾಳಿಯೂ

ಆಪರೇಷನ್ ಮುಗಿದು ಕಣ್ಣು ಬಿಟ್ಟವರು ಸಾಮಾನ್ಯವಾಗಿ ಮೊದಲು ಕೇಳುವುದು ನೀರು. ಕೆಲವರು ಎಂದೋ ತೀರಿಹೋದ ಅಮ್ಮನನ್ನು ಕರೆಯುತ್ತಾರೆ. ಕೆಲವರು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ವಿಚಾರಿಸುತ್ತಾರೆ. ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷ ಅರಿವಳಿಕೆ ತಂತ್ರಜ್ಞೆಯಾಗಿ ರೋಗಿಗಳ ತಲೆದೆಸೆಯಲ್ಲಿ ಕೂತು ಬಂದ ಶೋಭಾರಾಣಿಗೆ ಇವೆಲ್ಲ ಬಾಯಿಪಾಠವಾಗಿದ್ದವು. ಆದರೆ ಆ ಆಷಾಢದ ಮಧ್ಯಾಹ್ನ ಅಪೆಂಡಿಕ್ಸ್ ತೆಗೆಸಿಕೊಂಡ ಹೆಂಗಸೊಬ್ಬಳು ಕಣ್ಣು ಬಿಟ್ಟವಳೇ ತೊದಲುತ್ತ ಕೇಳಿದ್ದು ಬೇರೆ.

"ಆ ನೀಲಿ ಸಿಲಿಂಡರ್‌ನಲ್ಲಿರೋದು... ನೈಟ್ರಸ್ಸಾ?"

ಹೌದು, ಅರಿವಳಿಕೆಯ ನಗೆಗಾಳಿಯೇ, ಈಗ ಸುಮ್ಮನೆ ಮಲಗಿ ಎಂದು ಶೋಭಾರಾಣಿ ಹೊದಿಕೆ ಸರಿಮಾಡಿದಳು. ಆಕೆ ಬೇಕಾದ ಉತ್ತರವೇ ಸಿಕ್ಕಿತೆಂಬಂತೆ ಮುಗುಳ್ನಕ್ಕು ಮತ್ತೆ ನಿದ್ದೆಗೆ ಜಾರಿದಳು.

ವಾರ್ಡಿಗೆ ಹೋಗಿ ರೋಗಿಗಳನ್ನು ಮಾತಾಡಿಸುವುದು ಶೋಭಾರಾಣಿಯ ಕೆಲಸವಲ್ಲ. ಆದರೂ ಮರುದಿನ ಕಾಲು ತಾನಾಗಿ ಅತ್ತ ನಡೆಯಿತು. ಹೆಸರು ಸಂಹಿತಾ, ಮುಳಬಾಗಿಲಿನವಳು. ತಾತ ಪೂಜೆ ಮಾಡಿಕೊಂಡಿದ್ದವರು, ಅಪ್ಪ ಆಡಿಟರ್. ಇವಳು ಕೋಲಾರದ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಮೂವರು ವಿದ್ಯಾರ್ಥಿನಿಯರನ್ನು ಕಟ್ಟಿಕೊಂಡು ಆರಡಿಯ ರಾಕೆಟ್ ಮಾಡುತ್ತಿದ್ದಳು. ಹೊಲಿಗೆಯ ನೋವಿಗೆ ಪಕ್ಕೆ ಹಿಡಿದುಕೊಂಡೇ ಅದರ ಕಥೆ ಹೇಳಿದಳು. ದೀಪಾವಳಿ ರಾಕೆಟ್ಟಿನಲ್ಲಿ ಉರಿಯುವುದೂ ಉರಿಸುವುದೂ ಒಂದರಲ್ಲೊಂದು ಬೆರೆತಿರುತ್ತವೆ, ಕಿಡಿ ತಾಗಿದರೆ ಹಿಡಿಯುವವರಿಲ್ಲ. ತಮ್ಮದರಲ್ಲಿ ಕೆಳಗೆ ಒಂದು ಕೊಳವೆಯಲ್ಲಿ ಮೇಣ, ಮೇಲೆ ಒಂದು ತೊಟ್ಟಿಯಲ್ಲಿ ನಗೆಗಾಳಿ. ಬೇರೆಬೇರೆ ಇರುವ ತನಕ ಎರಡೂ ಸಾಧು. ಗಾಳಿಯನ್ನು ಮೇಣದ ಮೇಲೆ ಬಿಟ್ಟು ಕಿಡಿ ಕೊಟ್ಟಾಗ ಮಾತ್ರ ಬೆಂಕಿ.

ತೊಂದರೆಯೆಂದರೆ ಅವರಲ್ಲಿ ಯಾರಿಗೂ ಆ ಗಾಳಿಯ ಸಹವಾಸ ಗೊತ್ತಿರಲಿಲ್ಲ. ಸಿಲಿಂಡರ್ ಇಳಿಸಿ ಹೋದವನು ಹಾಳೆಯ ಮೇಲೆ ಸಹಿ ಮಾಡಿಸಿಕೊಂಡು ಹೋಗಿದ್ದ, ಅಷ್ಟೇ. ಅದು ಯಾವಾಗ ಹೇಗೆ ಸದ್ದು ಮಾಡುತ್ತದೆ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದು ಪುಸ್ತಕದಲ್ಲಿರಲಿಲ್ಲ.

ಅದೇ ತಿಂಗಳು ನರ್ಸಿಂಗ್ ಹೋಮಿಗೆ ಹೊಸ ಯಂತ್ರ ಬಂತು. ಇನ್ನು ಮುಂದೆ ನಗೆಗಾಳಿ ಬೇಡ ಎಂದು ದೊಡ್ಡ ಡಾಕ್ಟರು ತೀರ್ಮಾನಿಸಿದರು. ಹಿಂಭಾಗದ ಕೋಣೆಯಲ್ಲಿ ಸಾಲಾಗಿ ನಿಂತಿದ್ದ ನೀಲಿ ಸಿಲಿಂಡರುಗಳು ಲಾರಿ ಹತ್ತಿ ಹೋದವು. ಶೋಭಾರಾಣಿಯನ್ನು ರೆಕಾರ್ಡ್ ರೂಮಿಗೆ ಹಾಕಿದರು. ಸಂಬಳವೇನೂ ಕಡಿಮೆಯಾಗಲಿಲ್ಲ. ಆದರೆ ಆ ಕೋಣೆಯ ಬಾಗಿಲು ತೆರೆದು, ನೆಲದ ಮೇಲೆ ಉಳಿದಿದ್ದ ತುಕ್ಕಿನ ಉಂಗುರಗಳನ್ನು ನೋಡಿದಾಗ, ಸಂತೆ ಎದ್ದುಹೋದ ಮೇಲೆ ಒಬ್ಬಳೇ ಉಳಿದ ಹಾಗೆ ಅವಳಿಗೆ ಅನ್ನಿಸಿತು. ಮುಂದಿನ ಶನಿವಾರ ಅರ್ಧ ದಿನ ರಜೆ ಹಾಕಿ ಸಂಹಿತಾಳ ಕಾಲೇಜಿನ ಬಸ್ಸು ಹತ್ತಿದಳು.

ಆಮೇಲೆ ಶನಿವಾರಗಳೆಲ್ಲ ಹಾಗೇ ಹೋದವು. ಸಿಲಿಂಡರಿನ ಕವಾಟವನ್ನು ಎಷ್ಟು ಮೆಲ್ಲಗೆ ತಿರುಗಿಸಬೇಕು, ಕೈಗೆ ಎಣ್ಣೆ ಜಿಡ್ಡು ಇದ್ದರೆ ಯಾಕೆ ಹತ್ತಿರ ಸುಳಿಯಬಾರದು ಎಂಬುದನ್ನೆಲ್ಲ ಹುಡುಗಿಯರಿಗೆ ಕಲಿಸಿದಳು. ಅವರು ಅವಳನ್ನು ಮೇಡಂ ಎಂದು ಕರೆಯತೊಡಗಿದರು. ಮೊದಮೊದಲು ಆ ಮಾತು ಕೇಳಿದಾಗ ಅವಳು ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಿದ್ದಳು.

ಗಣೇಶನ ಹಬ್ಬ ಕಳೆದ ಮೇಲೆ ರಾಕೆಟ್ಟಿನ ಮೋಟರನ್ನು, ಎಂದರೆ ಮೇಣ ಉರಿಯುವ ಕೊಳವೆಯನ್ನು, ನೆಲಕ್ಕೆ ಕಟ್ಟಿ ಪರೀಕ್ಷಿಸಿದರು. ಕಾಲೇಜಿನ ಹಿಂದೆ ಗುಂಡಿ ತೋಡಿ, ಸುತ್ತ ಮರಳು ಮೂಟೆ ಒಟ್ಟಿ, ಎಲ್ಲರೂ ದೂರ ನಿಂತರು. ಎರಡು ಸೆಕೆಂಡು ಎಲ್ಲ ಚೆನ್ನಾಗಿತ್ತು. ಮೂರನೆಯದಕ್ಕೆ ಮೇಣದ ಚೂರೊಂದು ಕಳಚಿ ಬೆಂಕಿ ಹೊರಬರುವ ಬಾಯಿಗೆ ಸಿಕ್ಕಿಕೊಂಡು, ಕೊಳವೆ ಪಕ್ಕದಲ್ಲಿ ಸೀಳಿ, ಬೆಂಕಿ ಅಡ್ಡ ಹಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎರಡು ತಿಂಗಳ ಕೆಲಸ ಕಪ್ಪಾಗಿ ಬಿದ್ದಿತ್ತು. ಸಂಹಿತಾ ಗುಂಡಿಯ ಅಂಚಿನಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ.

ಶೋಭಾರಾಣಿಯ ಗಂಡ ಕದಿರೇಶ್ ಮಾಲೂರಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು. ಮಾತು ಕಡಿಮೆ. ಬೆಳಗ್ಗೆ ಅವನು ಬಸ್ಸು ಹಿಡಿಯುವಾಗ ಇವಳು ಸ್ನಾನದಲ್ಲಿ, ಸಂಜೆ ಇವಳು ಬರುವಾಗ ಅವನು ಟೀವಿಯ ಮುಂದೆ. ಜಗಳವೇನೂ ಇರಲಿಲ್ಲ; ಜಗಳಕ್ಕೆ ಬೇಕಾದಷ್ಟು ಮಾತೂ ಇರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅವಳು ತಾನಾಗಿಯೇ ನಡೆದದ್ದನ್ನೆಲ್ಲ ಹೇಳಿ, ಕರ್ಚೀಫಿನಲ್ಲಿ ಕಟ್ಟಿ ತಂದಿದ್ದ ಮೇಣದ ತುಂಡನ್ನು ಮುಂದಿಟ್ಟಳು. ಅವನು ಕೈ ತೊಳೆದು ಬಂದು ಅದನ್ನು ಬೆಳಕಿಗೆ ಹಿಡಿದ. ಒಳಗೆ ಕೂದಲೆಳೆಯಂಥ ಬಿರುಕುಗಳು ಹರಡಿಕೊಂಡಿದ್ದವು.

"ನಿಲ್ಲಿಸಿ ಎರಕ ಹುಯ್ದವ್ರೆ," ಎಂದ. "ಆರ್ತಾ ಆರ್ತಾ ಮೇಣ ಕುಗ್ತೈತೆ. ಒಳಗೆಲ್ಲಾ ಎಳ್ಕೊಂಡು ಬಿರುಕು ಬಿಟ್ಟೈತೆ. ಇದನ್ನ ತಿರುಗಿಸ್ತಾ ಆರಿಸ್ಬೇಕು ಕಣೇ."

ಬುಷ್ ಎಂಬ ಹಿತ್ತಾಳೆಯ ಬಳೆಗಳನ್ನು ಹಾಗೆ ಎರಕ ಹೊಯ್ಯುವುದನ್ನು ಅವನು ಹುಡುಗನಾಗಿದ್ದಾಗ ಫೌಂಡ್ರಿಯಲ್ಲಿ ನೋಡಿದ್ದನಂತೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವನು ಫೌಂಡ್ರಿಯಲ್ಲಿ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಮಾಲೀಕರನ್ನು ಕೇಳಿ ಒಂದು ಭಾನುವಾರ ವರ್ಕ್‌ಶಾಪ್ ತೆಗೆಸಿದ. ಸಂಹಿತಾ ಮೇಣ ಕರಗಿಸಿ ಕೊಳವೆಗೆ ಸುರಿದಳು. ಕದಿರೇಶ್ ಎರಡೂ ಬಾಯಿಗೆ ಮುಚ್ಚಳ ಬಿಗಿದು, ಲೇತಿಗೆ ಅಡ್ಡಲಾಗಿ ಕಚ್ಚಿಸಿ ಸ್ವಿಚ್ ಒತ್ತಿದ. ಕೊಳವೆ ಗುಂಯ್ ಎಂದು ತಿರುಗತೊಡಗಿತು. ಆರುವ ತನಕ ನಿಲ್ಲಿಸುವಂತಿಲ್ಲ, ಕಾವಲಿಲ್ಲದೆ ಬಿಟ್ಟು ಹೋಗುವಂತಿಲ್ಲ. ಮೂರು ಗಂಟೆ ಬೇಕೆಂದ. ಸಂಹಿತಾ ಪುಸ್ತಕ ಹಿಡಿದು ಬಾಗಿಲ ಬಳಿ ಕೂತಳು. ಗಂಡಹೆಂಡಿರು ಒಂದೇ ಹಲಗೆಯ ಮೇಲೆ ಕೂತರು.

ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಅದರಲ್ಲಿ ಲೋಹದ ದೂಳು ತೇಲುತ್ತಿತ್ತು. ತಿರುಗುವ ಕೊಳವೆ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನುಣ್ಣಗೆ ಹೊಳೆಯುತ್ತಿತ್ತು. ಆ ಗುಂಯ್‌ಗುಡುವಿಕೆಯಲ್ಲಿ ಹೊತ್ತು ಕರಗಿ, ಹರಡಿ, ಎಲ್ಲೂ ಹೋಗದೆ ಅಲ್ಲೇ ಸುತ್ತುತ್ತಿರುವಂತಿತ್ತು. ಬಹಳ ಹೊತ್ತಾದ ಮೇಲೆ ಕದಿರೇಶ್, ಅರಿವಳಿಕೆ ಕೊಟ್ಟಾಗ ಜನ ಹೇಗೆ ಕಾಣುತ್ತಾರೆ ಎಂದು ಕೇಳಿದ. ಶೋಭಾರಾಣಿ ಯೋಚಿಸಿ ಹೇಳಿದಳು. ಮೊದಲು ಹಣೆ ಸಡಿಲವಾಗುತ್ತದೆ. ಆಮೇಲೆ ಎಲ್ಲರೂ ಎಂಟು ವರ್ಷದ ಮಕ್ಕಳ ಹಾಗೆ ಕಾಣುತ್ತಾರೆ, ಎಂಥ ಜಬರ್ದಸ್ತಿನವರಾದರೂ. ಅವನು ತಲೆಯಾಡಿಸಿದ. ಅಷ್ಟೇ ಮಾತು. ಆದರೆ ಎದ್ದು ಹೋಗಿ ಎರಡು ಲೋಟ ಚಹಾ ತಂದು, ಒಂದರ ಬಿಸಿ ಆರಿಸಿ ಅವಳ ಕೈಗೆ ಕೊಟ್ಟ.

ಕೊಳವೆ ನಿಲ್ಲಿಸಿ ಮುಚ್ಚಳ ತೆಗೆದಾಗ ಮೇಣ ಗೋಡೆಗೆ ಸಮನಾಗಿ ಅಂಟಿಕೊಂಡು, ನಡುವೆ ಈ ತುದಿಯಿಂದ ಆ ತುದಿಗೆ ಗುಂಡನೆಯ ದಾರಿ ಬಿಟ್ಟಿತ್ತು. ಯಾರೂ ಕೊರೆದದ್ದಲ್ಲ. ಸಂಹಿತಾ ಒಳಗೆ ಬೆರಳಾಡಿಸಿ, ಒಂದು ಬಿರುಕೂ ಇಲ್ಲ ಎಂದು ಮೆಲ್ಲಗೆ ಹೇಳಿದಳು.

ಆ ಮೇಣ ನೆಲದ ಪರೀಕ್ಷೆಯಲ್ಲಿ ಕಡೆಯ ತನಕ ಒಂದೇ ಸಮನೆ ಉರಿಯಿತು. ಹಾರಿಸಲು ಅನುಮತಿ ಸಿಕ್ಕಿದ್ದು ಡಿಸೆಂಬರಿನಲ್ಲಿ. ಟೇಕಲ್ ಬೆಟ್ಟದ ಮಗ್ಗುಲ ಗೋಮಾಳದಲ್ಲಿ, ಬೆಳಗ್ಗೆ ಎಂಟರಿಂದ ಹತ್ತರವರೆಗೆ ಮಾತ್ರ. ಆಮೇಲೆ ಆಕಾಶ ಅವರದಲ್ಲ.

ಎಂಟಕ್ಕೆ ಅಲ್ಲಿ ಆಕಾಶವೇ ಕಾಣುತ್ತಿರಲಿಲ್ಲ. ಮಂಜು ಬಂಡೆಗಳ ಮೇಲೆ ಹಾಲಿನ ಕೆನೆಯ ಹಾಗೆ ಕೂತಿತ್ತು. ಎಲ್ಲೋ ರೈಲು ಕೂಗಿದ್ದು ಕೇಳಿಸಿತು, ಕಾಣಲಿಲ್ಲ. ಬಿಳಿ ರಾಕೆಟ್ಟು ಕಂಬಕ್ಕೆ ಒರಗಿ ಅರ್ಧ ಮಂಜಿನಲ್ಲಿ ನಿಂತಿತ್ತು. ಗಾಳಿ ತುಂಬಿಸುವ ಉದ್ದನೆಯ ಕೊಳವೆಯ ಈಚೆ ತುದಿಯಲ್ಲಿ, ಮರಳು ಮೂಟೆಗಳ ಹಿಂದೆ, ನೀಲಿ ಸಿಲಿಂಡರಿನ ಪಕ್ಕದಲ್ಲಿ ಶೋಭಾರಾಣಿಗೆ ಜಾಗ. ಕದಿರೇಶನೂ ಸೇರಿ ಉಳಿದವರೆಲ್ಲ ಇನ್ನೂ ದೂರ, ಟ್ರ್ಯಾಕ್ಟರಿನ ಮರೆಯಲ್ಲಿ. ಕಾವಲಿಗೆಂದು ಬಂದಿದ್ದ ಪೊಲೀಸಿನವನೊಬ್ಬ ಶಾಲು ಹೊದ್ದು ಕೂತಿದ್ದ.

ಮಂಜು ಕರಗಿದಾಗ ಎಂಟೂ ಮುಕ್ಕಾಲು. ಶೋಭಾರಾಣಿ ಒತ್ತಡ ತೋರಿಸುವ ಗೇಜು ನೋಡಿದಳು. ಐವತ್ತು ಇರಬೇಕಾದ ಕಡೆ ಮುಳ್ಳು ನಲವತ್ತೆರಡರಲ್ಲಿ ಮುದುಡಿಕೊಂಡಿತ್ತು. ಚಳಿಯಲ್ಲಿ ಈ ಗಾಳಿ ಸೋಮಾರಿಯಾಗುತ್ತದೆ. ಚಳಿಗಾಲದ ಎಷ್ಟೋ ಮುಂಜಾವುಗಳಲ್ಲಿ ಅವಳು ಅದನ್ನು ಕಂಡಿದ್ದಳು. ಸಂಹಿತಾ ಬಂದು ಇಣುಕಿದಳು. ಮೇಲೆ ಕಡಿಮೆ ಹೋಗುತ್ತೆ, ಹೋಗಲಿ, ಹಾರಿಸಿಬಿಡೋಣ, ಹೊತ್ತಿಲ್ಲ ಎಂದಳು. ಪೊಲೀಸಿನವನು, ಸುತ್ತ ಒಂದಿಷ್ಟು ಹುಲ್ಲು ಹಾಕಿ ಬೆಂಕಿ ಕಾಯಿಸಿದರೆ ಆಗುವುದಿಲ್ಲವೇ ಎಂದು ಕೇಳಿದ. ಶೋಭಾರಾಣಿ ಅವನನ್ನು ಇನ್ನಷ್ಟು ದೂರ ಹೋಗಿ ಕೂರಲು ಹೇಳಿದಳು.

ಆಮೇಲೆ ಸಂಹಿತಾಳ ಕಡೆ ತಿರುಗಿದಳು. "ಇನ್ನೂ ಎದ್ದಿಲ್ಲಮ್ಮ ಇದು. ಅರ್ಧ ನಿದ್ದೇಲಿರೋರನ್ನ ಎಬ್ಬಿಸಿ ಓಡಿಸಿದ್ರೆ ಮುಗ್ಗರಿಸ್ತಾರೆ. ಬಿಸಿಲು ಬರ್ಲಿ."

"ಹತ್ತಾಗಿಬಿಟ್ರೆ?"

"ಆದ್ರೆ ಸಿಲಿಂಡರ್ ಮುಚ್ಚಿ ಮನೇಗೆ ಹೋಗೋಣ. ಇನ್ನೊಂದಿನ ಬರೋಣ."

ಸಂಹಿತಾ ಗಡಿಯಾರ ನೋಡಿಕೊಂಡಳು. ಆರು ತಿಂಗಳಲ್ಲಿ ಮೊದಲ ಸಲ ಶೋಭಾರಾಣಿ ಅವಳಿಗೆ ಇಲ್ಲ ಎಂದಿದ್ದಳು. ಕಡೆಗೆ ತಲೆಯಾಡಿಸಿ ಟ್ರ್ಯಾಕ್ಟರಿನ ಕಡೆ ಹೊರಟುಹೋದಳು.

ಬಿಸಿಲು ಬೆಟ್ಟದ ಭುಜದಿಂದ ಇಳಿದು ಬಂಡೆಯಿಂದ ಬಂಡೆಗೆ ನಡೆದು ಬಂತು. ಶೋಭಾರಾಣಿ ಸಿಲಿಂಡರಿನ ಮೇಲೆ ಹೊದಿಸಿದ್ದ ಗೋಣಿ ತೆಗೆದು, ಆಗಾಗ ಅದನ್ನು ಬಿಸಿಲಿಗೆ ತಿರುಗಿಸುತ್ತ ಕೂತಳು. ಗೊರವಂಕಗಳು ಬಂದು ಹೋದವು. ಮುಳ್ಳು ನಲವತ್ತನಾಲ್ಕಾಯಿತು, ನಲವತ್ತಾರಾಯಿತು. ಕಬ್ಬಿಣದ ಮೇಲೆ ಅಂಗೈ ಇಟ್ಟಾಗ ತಣ್ಣನೆಯದು ಮೆಲ್ಲಮೆಲ್ಲಗೆ ಹಿಂದೆ ಸರಿಯುವುದು ಅವಳಿಗೆ ತಿಳಿಯುತ್ತಿತ್ತು. ಹೆದರಿಕೆ ಇರಲಿಲ್ಲ, ಆತುರವೂ ಇರಲಿಲ್ಲ. ಇಷ್ಟು ದೊಡ್ಡ ಬಯಲಿನಲ್ಲಿ, ಇಷ್ಟು ಬೆಳಕಿನಲ್ಲಿ ತಾನು ಯಾವತ್ತೂ ಕೆಲಸ ಮಾಡಿಲ್ಲ ಎಂಬುದೊಂದೇ ಮತ್ತೆಮತ್ತೆ ಮನಸ್ಸಿಗೆ ಬರುತ್ತಿತ್ತು.

ಒಂಬತ್ತೂ ನಲವತ್ತಕ್ಕೆ ಐವತ್ತು ಮುಟ್ಟಿತು. ಅವಳು ಕೈಯೆತ್ತಿ ಸನ್ನೆ ಮಾಡಿ ಕವಾಟ ತಿರುಗಿಸಿದಳು. ಅತ್ತ ರಾಕೆಟ್ಟಿನ ಪಕ್ಕೆಯ ಸಣ್ಣ ತೂತಿನಿಂದ ಸುಯ್ ಎಂಬ ತೆಳ್ಳನೆಯ ಸದ್ದು ಎದ್ದಿತು. ಕಣ್ಣು ಮುಚ್ಚಿ ಕೇಳಿದಳು. ಸದ್ದು ದಪ್ಪವಾಗಿ, ಒದ್ದೆಯಾಗಿ, ಬಿಳಿಯ ಆವಿ ಉಗುಳಿದಾಗ ತೊಟ್ಟಿ ತುಂಬಿತೆಂದು ಕವಾಟ ಮುಚ್ಚಿ, ಕೊಳವೆ ಬಿಡಿಸಿ, ಎರಡನೆಯ ಸಲ ಕೈಯೆತ್ತಿದಳು.

ಹುಡುಗಿಯೊಬ್ಬಳು ಹತ್ತರಿಂದ ಹಿಂದಕ್ಕೆ ಎಣಿಸಿದ್ದು ಗಾಳಿಯಲ್ಲಿ ಚೂರುಚೂರಾಗಿ ಬಂತು. ಕಿಡಿ ಕಾಣಿಸಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನೆಲವೇ ಗಂಟಲು ಸರಿಮಾಡಿಕೊಂಡಂತೆ ಗುಡುಗಿ, ರಾಕೆಟ್ಟು ಕಂಬ ಬಿಟ್ಟು ಎದ್ದಿತು. ಅದು ಅವಳು ಅಂದುಕೊಂಡಂತೆ ಚಿಮ್ಮಲಿಲ್ಲ. ಮೊದಲು ಯೋಚಿಸುತ್ತ ಎದ್ದು, ಆಮೇಲೆ ನೆನಪಾದಂತೆ ಓಡಿತು. ನೀಲಿಯಲ್ಲಿ ಬಿಳಿ ಗೆರೆ, ಗೆರೆಯ ತುದಿಯಲ್ಲಿ ಚುಕ್ಕಿ, ಆಮೇಲೆ ಚುಕ್ಕಿಯೂ ಇಲ್ಲ. ಸದ್ದು ಬೆಟ್ಟಕ್ಕೆ ಬಡಿದು ಹಿಂದಿರುಗಿ ಬಂದು ನಿಂತಿತು. ಎಲ್ಲರೂ ಕತ್ತೆತ್ತಿ ನಿಂತೇ ಇದ್ದರು. ಎಷ್ಟೋ ಹೊತ್ತಿನ ಮೇಲೆ ಬೆಟ್ಟದ ಆಚೆ ಕಿತ್ತಳೆ ಬಣ್ಣದ ಹೂವೊಂದು ಅರಳಿ, ಗಾಳಿಗೆ ವಾಲುತ್ತ ಮರೆಯಾಯಿತು.

ಹುಡುಕಿಕೊಂಡು ಬೆಟ್ಟ ಬಳಸಿ ಹೋಗಲು ಎರಡು ಗಂಟೆ ಹಿಡಿಯಿತು. ದಾರಿಯಲ್ಲಿ ಸಂಹಿತಾ, ಬೆಳಗ್ಗೆ ನೀವು ತಡೆದದ್ದು ಒಳ್ಳೆಯದಾಯಿತು ಎಂದಳು. ಇನ್ನೂ ದೊಡ್ಡದೊಂದು ಮಾಡಬೇಕೆಂದಿದ್ದೇವೆ, ಬರುತ್ತೀರಾ ಎಂದೂ ಕೇಳಿದಳು. ಶನಿವಾರ ಹೇಗೂ ಅರ್ಧ ದಿನ ರಜೆ ಹಾಕುತ್ತೇನಲ್ಲ ಎಂದು ಶೋಭಾರಾಣಿ ಹೇಳಿದಳು. ಹಿಂದೆ ಬರುತ್ತಿದ್ದ ಕದಿರೇಶ್, ದೊಡ್ಡದಾದರೆ ತನ್ನ ಲೇತು ಸಾಲದು, ಬೇರೆ ನೋಡಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಅದು ಬಿದ್ದದ್ದು ಹಿಪ್ಪುನೇರಳೆ ತೋಟದಲ್ಲಿ. ತೋಟದ ಒಡತಿ ಭಾರತಮ್ಮ ಅರವತ್ತು ದಾಟಿದ ಗಟ್ಟಿ ಹೆಂಗಸು. ರಾಕೆಟ್ಟನ್ನು ನೆರಳಿಗೆ ತಂದು ಗೋಣಿಯ ಮೇಲೆ ಮಲಗಿಸಿ, ಪ್ಯಾರಾಚೂಟಿನ ಕಿತ್ತಳೆ ಬಟ್ಟೆಯನ್ನು ನೀಟಾಗಿ ಮಡಚಿಟ್ಟು ಕಾಯುತ್ತಿದ್ದಳು. ಒಳಗಿನ ಯಂತ್ರ ತಾನೇರಿದ ಎತ್ತರವನ್ನು ಬೀಪ್ ಬೀಪ್ ಎಂದು ಸಾರುತ್ತಲೇ ಇತ್ತು. ಬಂದಾಗಿನಿಂದ ಕೋಳಿಮರಿ ಥರ ಅಳ್ತಾ ಇದೆ, ನೀರು ಕುಡಿಸೋಣ ಅಂದ್ರೆ ಬಾಯಿ ಯಾವುದೋ ತಿಳೀಲಿಲ್ಲ ಎಂದಳು. ಹುಡುಗಿಯರು ಮಂಡಿಯೂರಿ ಎಣಿಸಿದರು. ಎಂಟು, ಒಂದು, ಆರು. ಎಂಟುನೂರ ಹದಿನಾರು ಮೀಟರ್.

ಭಾರತಮ್ಮ ಶೋಭಾರಾಣಿಯ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಇದ್ರೊಳಗೆ ಯಾರಾನ ಇದ್ರೇನಮ್ಮಾ?"

"ಇಲ್ಲಮ್ಮ. ಯಾರೂ ಇರ್ಲಿಲ್ಲ."

"ಒಂಟಿಯಾಗಿ ಕಳ್ಸಿದ್ರಾ," ಎಂದು ಭಾರತಮ್ಮ ಮರುಗಿ, ಎಲ್ಲರನ್ನೂ ಜಗಲಿಗೆ ಕರೆದು ಕೂರಿಸಿದಳು. ಮುದ್ದೆಗೆ ಎಸರಿಟ್ಟಿದ್ದಳು, ಅವರೆಕಾಳಿನ ಸಾರು ಕುದಿಯುತ್ತಿತ್ತು. ಊಟ ಮಾಡದೆ ಹೋಗಕೂಡದೆಂದು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹೇಳಿದಳು.

ಸಾರು ಆಗುವಷ್ಟರಲ್ಲಿ ಸಂಹಿತಾ ರಾಕೆಟ್ಟಿನ ಪಕ್ಕೆಗೆ ಅಂಟಿಸಿದ್ದ ಹುಣಸೆಬೀಜದಷ್ಟು ಕ್ಯಾಮೆರಾ ಬಿಚ್ಚಿ, ಚಿತ್ರವನ್ನು ಫೋನಿಗೆ ಇಳಿಸಿದಳು. ಎಲ್ಲರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಬಂಡೆ ನಡುಗಿತು. ಗೋಮಾಳ ಒಕ್ಕುವ ಕಣದಷ್ಟಾಯಿತು, ಮೊರದಷ್ಟಾಯಿತು. ರೈಲಿನ ದಾರಿ ಎಳೆಯಾಯಿತು. ಕೆರೆಗಳು ಒಂದರ ಹಿಂದೊಂದು ಹೊಳೆಯುತ್ತ ಎದ್ದವು. ತುದಿಯಲ್ಲಿ ಸದ್ದೆಲ್ಲ ನಿಂತು, ಮಂಜಿನಂಥ ನೀಲಿಯಲ್ಲಿ ಭೂಮಿ ಒಮ್ಮೆ ಮೆಲ್ಲಗೆ ಹೊರಳಿತು. ಆಮೇಲೆ ಪ್ಯಾರಾಚೂಟು ಅರಳಿ, ಕಂಡದ್ದೆಲ್ಲ ತೊಟ್ಟಿಲಿನಿಂದ ಕಂಡ ಹಾಗೆ ತೂಗತೊಡಗಿತು.

ಕದಿರೇಶ್ ಇನ್ನೊಮ್ಮೆ ಮೊದಲಿನಿಂದ ಹಾಕಲು ಹೇಳಿ, ನೆಲ ಬಿಟ್ಟ ಮರುಕ್ಷಣವೇ ನಿಲ್ಲಿಸಿದ. ಮರಳು ಮೂಟೆಗಳ ಪಕ್ಕದಲ್ಲಿ ಕಾಳಿನಷ್ಟು ಗಾತ್ರದ ಆಕಾರವೊಂದು ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡುತ್ತಿತ್ತು.

"ಅದು ನೀನು ಕಣೇ," ಎಂದ.

ಶೋಭಾರಾಣಿ ಫೋನನ್ನು ಕೈಗೆ ತೆಗೆದುಕೊಂಡಳು. ಮುಖ ಕಾಣುತ್ತಿರಲಿಲ್ಲ. ಹಸಿರು ಸೀರೆಯ ಬಣ್ಣವಷ್ಟೇ, ನಿಂತ ನಿಲುವಷ್ಟೇ. ಇಷ್ಟು ನೆಟ್ಟಗೆ ನಿಲ್ಲುತ್ತೇನೆಂದು ಅವಳು ಅಂದುಕೊಂಡಿರಲಿಲ್ಲ.

ಭಾರತಮ್ಮ ಸೌಟು ಹಿಡಿದುಕೊಂಡೇ ಬಂದು ನಡುವೆ ತೂರಿದಳು. ತನ್ನ ಬಾವಿ ಎಲ್ಲಿದೆ ತೋರಿಸಿ ಎಂದಳು. ಸಂಹಿತಾ ಚಿತ್ರ ಮುಂದಕ್ಕೆ ಓಡಿಸಿದಳು. ತೂಗುವ ಹಸಿರಿನ ನಡುವೆ ಬಾವಿ ಬಂತು, ಹೋಯಿತು, ಮತ್ತೆ ಬಂತು. ಗುಂಡನೆಯ ಕತ್ತಲು, ಅದರ ತಳದಲ್ಲಿ ಒಂದು ಚೂರು ಆಕಾಶ. ಭಾರತಮ್ಮ ಬಹಳ ಹೊತ್ತು ನೋಡಿದಳು. ನಮ್ಮ ಮಾವ ತೋಡಿಸಿದ್ದು, ನಲವತ್ತು ವರ್ಷ ಇದರ ನೀರು ಸೇದಿದ್ದೀನಿ, ಇದರ ಮುಖ ಹೀಗಿದೆ ಅಂತ ಗೊತ್ತಿರಲಿಲ್ಲ ಎಂದಳು. ಒಳಗೆ ಸಾರು ಉಕ್ಕುವ ಸದ್ದು ಕೇಳಿಸಿತು. ಉಕ್ಕಿದರೆ ಉಕ್ಕಲಿ ಎಂದು, ಅವಳು ಜಗಲಿಯ ಮೇಲೆ ಅವರ ನಡುವೆ ಕೂತುಕೊಂಡಳು.